ಇಬ್ಬರಿಗೊಂದು ಬೆಂಗಳೂರು: ಮಾರ್ಕೆಟ್, ಟಿಫನ್, ವೈನರಿ ಸುತ್ತುವುದು ಹೇಗೆ?

ಬೆಂಗಳೂರಿನಲ್ಲಿ ತಿನ್ನುವ ಜಾಗಕ್ಕೆ ಬರವಿಲ್ಲ. ಬರ ಇರುವುದು ಹೊತ್ತಿಗೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ವಾರಕ್ಕೆ ಒಂದೂವರೆ ದಿನ ಸಿಕ್ಕರೆ ಪುಣ್ಯ. ಆ ಶನಿವಾರ ಹನ್ನೊಂದಕ್ಕೆ ಎದ್ದು, ಒಂದು ಗಂಟೆಗೆ ದೋಸೆಗೆ ಕ್ಯೂ ನಿಂತು, ಮೂರಕ್ಕೆ ನಂದಿ ಕಡೆ ಹೊರಟರೆ ಹೆಬ್ಬಾಳದ ಫ್ಲೈಓವರ್ ಮೇಲೇ ಜಗಳ ಶುರು. ದೋಸೆ ಚೆನ್ನಾಗಿಯೇ ಇತ್ತು, ನಂದಿಯೂ ಇದ್ದಲ್ಲೇ ಇದೆ. ಹೊರಟ ಹೊತ್ತು ಸರಿ ಇರಲಿಲ್ಲ, ಅಷ್ಟೇ.

ಹಾಗಾಗಿ ಈ ಲೇಖನದಲ್ಲಿ 'ಬೆಸ್ಟ್ ಹತ್ತು ಹೋಟೆಲ್' ಪಟ್ಟಿ ಇಲ್ಲ. ಅದು ಎಲ್ಲರ ಮೊಬೈಲಿನಲ್ಲೂ ಇದೆ. ಯಾವುದನ್ನು ಯಾವ ಹೊತ್ತಿಗೆ, ಯಾವುದರ ಹಿಂದೆ ಇಟ್ಟುಕೊಂಡರೆ ಇಬ್ಬರೂ ನಗುತ್ತಾ ಮನೆಗೆ ಬರಬಹುದು ಎನ್ನುವುದು ಇಲ್ಲಿದೆ. ಮಾರ್ಕೆಟ್ಟು, ಪಕ್ಕದ ಟಿಫನ್ನು, ಮನೆಯ ಅಡುಗೆ ಒಂದು ದಿನಕ್ಕೆ. ವೈನರಿ ಇನ್ನೊಂದು ದಿನಕ್ಕೆ. ಎರಡನ್ನೂ ಒಂದೇ ದಿನ ತುರುಕಬೇಡಿ.

ಹೆಜ್ಜೆ 1: ಹಿಂದಿನ ರಾತ್ರಿಯೇ ಮಾರ್ಕೆಟ್ ಆರಿಸಿಕೊಳ್ಳಿ

ಹೋಟೆಲ್ ಮೊದಲು ಆರಿಸಬೇಡಿ. ಮಾರ್ಕೆಟ್ ಗೊತ್ತಾದರೆ ಹೋಟೆಲ್ ತಾನಾಗಿಯೇ ಗೊತ್ತಾಗುತ್ತದೆ, ಏಕೆಂದರೆ ಈ ಊರಿನ ಹಳೆಯ ಮಾರ್ಕೆಟ್‌ಗಳ ಪಕ್ಕದಲ್ಲೇ ಹಳೆಯ ಟಿಫನ್ ರೂಮುಗಳಿವೆ.

ಗಾಂಧಿ ಬಜಾರ್‌ಗೆ ಹೋದರೆ ಅದೇ ಬೀದಿಯಲ್ಲಿ 1943ರಿಂದ ವಿದ್ಯಾರ್ಥಿ ಭವನವಿದೆ. ಅಲ್ಲಿ ಸಾಲು ನೋಡಿ ಎದೆ ಒಡೆದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ನಡೆದುಬಿಡಿ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಸಾಂಬಾರ್ ಕೇಳಬೇಡಿ, ಅಲ್ಲಿ ಇಲ್ಲ. ಆ ಚಟ್ನಿ ಇರುವಾಗ ಬೇಕೂ ಇಲ್ಲ. ಮಲ್ಲೇಶ್ವರದ 8ನೇ ಕ್ರಾಸಿಗೆ ಹೋದರೆ 7ನೇ ಕ್ರಾಸಿನಲ್ಲಿ ಸಿಟಿಆರ್‌ನ ಬೆಣ್ಣೆ ಮಸಾಲೆ, ಸ್ವಲ್ಪ ಮೇಲೆ 15ನೇ ಕ್ರಾಸಿನ ಹತ್ತಿರ ವೀಣಾ ಸ್ಟೋರ್ಸ್‌ನ ಇಡ್ಲಿ. ಕೆ.ಆರ್. ಮಾರ್ಕೆಟ್‌ಗೆ ಹೋಗುವವರು ಲಾಲ್‌ಬಾಗ್ ರಸ್ತೆಯ ಎಂಟಿಆರ್ ಕಡೆ ತಿರುಗಿಕೊಳ್ಳಬಹುದು. 1924ರಲ್ಲಿ ಶುರುವಾದ ಹೋಟೆಲ್ ಅದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲೇ ಎಂದು ಅವರು ಹೇಳಿಕೊಳ್ಳುತ್ತಾರೆ. ತಿಂದಾಗ ನಂಬಿಬಿಡೋಣ ಅನ್ನಿಸುತ್ತದೆ.

ರಜೆ ದಿನ ಮಾತ್ರ ನೋಡಿಕೊಳ್ಳಿ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಎಂಟಿಆರ್‌ಗೆ ಸೋಮವಾರ. ಹಳೆಯ ಹೋಟೆಲ್‌ಗಳು ತಮ್ಮ ವಾರದ ರಜೆಯನ್ನು ಯಾರಿಗೋಸ್ಕರವೂ ಬಿಡುವುದಿಲ್ಲ. ಮಧ್ಯಾಹ್ನದ ಹೊತ್ತಿನಲ್ಲೂ ಕೆಲವು ಬಾಗಿಲು ಹಾಕುತ್ತವೆ.

ಮೂರೂ ಕಡೆಗೆ ಮೆಟ್ರೊದ ಹಸಿರು ಮಾರ್ಗವಿದೆ. ನ್ಯಾಷನಲ್ ಕಾಲೇಜು, ಸಂಪಿಗೆ ರಸ್ತೆ, ಕೃಷ್ಣರಾಜೇಂದ್ರ ಮಾರುಕಟ್ಟೆ. ಕಾರ್ ಬಿಟ್ಟು ಹೋಗಿ. ಪಾರ್ಕಿಂಗ್ ಹುಡುಕುವಷ್ಟರಲ್ಲಿ ಎರಡು ಪ್ಲೇಟ್ ಇಡ್ಲಿ ಮುಗಿದಿರುತ್ತದೆ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ, ಅದೊಂದು ನೆನಪಿರಲಿ.

ಹೆಜ್ಜೆ 2: ಮೊದಲು ಟಿಫನ್, ಆಮೇಲೆ ತರಕಾರಿ

ಇದು ನನ್ನ ಹಟ. ಹಸಿದ ಹೊಟ್ಟೆಯಲ್ಲಿ ಮಾರ್ಕೆಟ್‌ಗೆ ಹೋದರೆ ಇಬ್ಬರಿಗೆ ಬೇಕಾದ ತರಕಾರಿ ಬದಲು ಛತ್ರಕ್ಕೆ ಬೇಕಾದಷ್ಟು ತರುತ್ತೀರಿ. ಕೆ.ಆರ್. ಮಾರ್ಕೆಟ್ ಮಾತ್ರ ಬೇರೆ. ಅಲ್ಲಿನ ಹೂವಿನ ರಾಶಿ ನೋಡಬೇಕೆಂದರೆ ಬೆಳಕು ಹರಿಯುವ ಮೊದಲೇ ಇರಬೇಕು. ಅಲ್ಲಿಗೆ ಮನೆಯಿಂದ ಒಂದು ಲೋಟ ಕಾಫಿ ಕುಡಿದು ಹೊರಡಿ, ಹಳೆಯ ಚಪ್ಪಲಿ ಹಾಕಿಕೊಳ್ಳಿ, ನೆಲ ಯಾವಾಗಲೂ ಒದ್ದೆ.

ದರ್ಶಿನಿಗೆ ಇಬ್ಬರೇ ಹೋಗುವುದು ಎಷ್ಟು ಅನುಕೂಲ ಅಂತ ಹೋದವರಿಗೇ ಗೊತ್ತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಮೇಲೆ ನಿಂತು ತಿನ್ನುವ ಈ ಪದ್ಧತಿ ಊರಿಗೆಲ್ಲ ಹಬ್ಬಿತು. ಒಬ್ಬರು ಬಿಲ್ ಕೌಂಟರಿನಲ್ಲಿ ನಿಲ್ಲಿ, ಇನ್ನೊಬ್ಬರು ಕಲ್ಲಿನ ಮೇಜು ಹಿಡಿಯಿರಿ. ಒಂದೇ ತಿಂಡಿಯನ್ನು ಎರಡು ತೆಗೆದುಕೊಳ್ಳಬೇಡಿ. ಒಂದು ಮಸಾಲೆ ದೋಸೆ, ಒಂದು ಇಡ್ಲಿ-ವಡೆ, ಮಧ್ಯದಲ್ಲಿ ಒಂದು ಚೌಚೌ ಬಾತ್. ಖಾರದವರು ಖಾರಾಬಾತ್ ಕಡೆಯಿಂದ, ಸಿಹಿಯವರು ಕೇಸರಿಬಾತ್ ಕಡೆಯಿಂದ ಶುರು ಮಾಡಿದರೆ ನಡುವೆ ಎಲ್ಲೋ ರಾಜಿಯಾಗುತ್ತದೆ. ಕೊನೆಗೆ ಬೈ-ಟೂ ಕಾಫಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಡುವ ಈ ಪದ್ಧತಿ ಜಿಪುಣತನ ಅಂದುಕೊಳ್ಳಬೇಡಿ. ಮುಂದಿನ ಹೋಟೆಲಿನಲ್ಲಿ ಇನ್ನೊಂದು ಬೈ-ಟೂ ಕುಡಿಯಲು ಹೊಟ್ಟೆಯಲ್ಲಿ ಜಾಗ ಇರುತ್ತದಲ್ಲ!

ಎಂಟೂವರೆ ಒಳಗೆ ತಟ್ಟೆ ಮುಂದಿರಬೇಕು. ಒಂಬತ್ತೂವರೆ ದಾಟಿದರೆ ಶನಿವಾರ, ಭಾನುವಾರ ಹೆಸರು ಬರೆಸಿ ಫುಟ್‌ಪಾತಿನಲ್ಲಿ ಕಾಯುವುದೇ.

ಹೆಜ್ಜೆ 3: ಮಾರ್ಕೆಟ್‌ನಲ್ಲಿ ಒಂದು ಸುತ್ತು ಸುಮ್ನೆ ಹಾಕಿ

ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ. ಯಾವುದು ಎಲ್ಲ ಕಡೆಯೂ ರಾಶಿ ಬಿದ್ದಿದೆ ನೋಡಿ. ಆ ವಾರ ಅದೇ ತಾಜಾ, ಅದೇ ಅಗ್ಗ. ಮೊಬೈಲಿನಲ್ಲಿ ರೆಸಿಪಿ ನೋಡಿಕೊಂಡು ತರಕಾರಿ ಹುಡುಕುವವರು ಮುದಿ ಬೆಂಡೆಕಾಯಿ ತರುತ್ತಾರೆ. ರಾಶಿ ನೋಡಿ ಅಡುಗೆ ಯೋಚಿಸುವವರು ಚೆನ್ನಾಗಿ ಉಣ್ಣುತ್ತಾರೆ.

ಚಳಿಗಾಲ ಬಂದರೆ ಮಾತೇ ಇಲ್ಲ, ಅವರೆಕಾಯಿ. ಸೊಗಡು ಇದೆಯಾ ಅಂತ ಒಂದು ಕಾಯಿ ಉಜ್ಜಿ ಮೂಸಿ ನೋಡಿ. ಕೈಗೆ ಅಂಟು ಹತ್ತಬೇಕು, ಘಮ ಸಂಜೆಯವರೆಗೂ ಬೆರಳಲ್ಲಿ ಉಳಿಯಬೇಕು. ಇಲ್ಲದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಸುಮಾರಿಗೆ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಆ ವಾರ ಗಾಂಧಿ ಬಜಾರಿಗೆ ಹೋಗುವುದಾದರೆ ಬೇಯಿಸಿದ್ದು, ಹುರಿದದ್ದು, ಹಸಿಯದು ಮೂರನ್ನೂ ಸ್ವಲ್ಪ ಸ್ವಲ್ಪ ತನ್ನಿ. ಬೇಸಿಗೆಯಲ್ಲಿ ಮಾವು. ಬಾದಾಮಿ ಎಲ್ಲರಿಗೂ ಗೊತ್ತು. ನನ್ನ ಓಟು ರಸಪುರಿಗೆ. ಅದನ್ನು ಹೆಚ್ಚಿ ತಿನ್ನುವುದಲ್ಲ, ಹಿಂಡಿ ಸೀಕರಣೆ ಮಾಡಬೇಕು. ಹಾಪ್‌ಕಾಮ್ಸ್ ಮಳಿಗೆ ಸಿಕ್ಕರೆ ಒಳಗೆ ಒಂದು ಸಲ ಇಣುಕಿ. 1959ರಿಂದ ನಡೆದುಬಂದಿರುವ ರೈತರ ಸಹಕಾರ ಸಂಘ ಅದು. ತೂಕದ ಚಿಂತೆ ಇಲ್ಲ, ಚೌಕಾಸಿಯೂ ಇಲ್ಲ.

ಇನ್ನು ಆರಿಸುವ ಬಗೆ. ಬೆಂಡೆಕಾಯಿ ತುದಿ ಪಟ್ ಅಂತ ಮುರಿಯಬೇಕು, ಆದರೆ ಅಂಗಡಿಯವರ ಎದುರಿಗೇ ಹತ್ತು ಮುರಿಯಬೇಡಿ. ಬದನೆಕಾಯಿ ಕೈಗೆ ಹಗುರ ಅನ್ನಿಸಬೇಕು, ತೂಕದ್ದರಲ್ಲಿ ಬೀಜ ಜಾಸ್ತಿ. ಸಾರಿಗೆ ಹುಳಿ ಬೇಕಿದ್ದರೆ ನಾಟಿ ಟೊಮೇಟೊ, ಸುಮ್ಮನೆ ಹೆಚ್ಚಿ ತಿನ್ನಲು ಫಾರಂ. ಕೊತ್ತಂಬರಿಯೂ ಹಾಗೆಯೇ, ನಾಟಿ ಕಟ್ಟು ಚಿಕ್ಕದಿದ್ದರೂ ಘಮ ಅದರಲ್ಲೇ. ಸೊಪ್ಪು ಮಾರುವ ಅಮ್ಮನ ಹತ್ತಿರ 'ಬೆರಕೆ ಸೊಪ್ಪು ಇದೆಯಾ ಅಮ್ಮಾ' ಅಂತ ಕೇಳಿ. ದಂಟು, ಕೀರೆ, ಇನ್ನೂ ಏನೇನೋ ಹೊಲದ ಸೊಪ್ಪು ಕೂಡಿಸಿ ಕೊಡುತ್ತಾರೆ. ಬೆಳಿಗ್ಗೆ ಬೋಣಿ ಹೊತ್ತಿನಲ್ಲಿ ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡಬೇಡಿ. ಎರಡು ರೂಪಾಯಿ ಉಳಿಸಿ ಏನು ಕಟ್ಟುತ್ತೀರಿ? ಸುಮ್ಮನೆ ಕೊಂಡವರಿಗೆ ಅವರೇ ಒಂದು ಎಸಳು ಕರಿಬೇವು ಜಾಸ್ತಿ ಹಾಕುತ್ತಾರೆ.

ಇಬ್ಬರ ಸಂಸಾರಕ್ಕೆ ಅಳತೆ ಮುಖ್ಯ. ಕೆ.ಆರ್. ಮಾರ್ಕೆಟ್‌ನ ಸಗಟು ಸಾಲಿನಲ್ಲಿ ಕಾಲು ಕೆಜಿ ಕೇಳಿದರೆ ಮುಖ ನೋಡುತ್ತಾರೆ. ಅಲ್ಲಿ ಹೂವು, ನಿಂಬೆಹಣ್ಣು, ಶುಂಠಿಯಂಥವು ಸಾಕು. ತರಕಾರಿಗೆ ಗಾಂಧಿ ಬಜಾರ್ ಅಥವಾ 8ನೇ ಕ್ರಾಸ್ ವಾಸಿ. ಬಟ್ಟೆ ಚೀಲ ಎರಡು ಇರಲಿ, ಒಂದು ಗಟ್ಟಿ ತರಕಾರಿಗೆ, ಒಂದು ಸೊಪ್ಪಿಗೆ. ಚಿಲ್ಲರೆಯೂ ಇರಲಿ. ಫೋನಿನಲ್ಲಿ ದುಡ್ಡು ಎಲ್ಲರೂ ತೆಗೆದುಕೊಳ್ಳುತ್ತಾರೆ, ನೆಟ್‌ವರ್ಕ್ ಕೈ ಕೊಟ್ಟಾಗ ಮಾತ್ರ ಪೇಚಾಟ.

ಹೆಜ್ಜೆ 4: ಅಡುಗೆ ಇಬ್ಬರೂ ಕೂಡಿ, ಚಿಕ್ಕದಾಗಿ

ಹೊರಗೆ ಟಿಫನ್ ಆದ ಮೇಲೆ ಮಧ್ಯಾಹ್ನದ ಊಟ ಹಗುರ ಇರಲಿ. ತಂದ ಸೊಪ್ಪಿಗೆ ಮಸ್ಸೊಪ್ಪು ಮಾಡಿ. ಅರ್ಧ ಲೋಟ ತೊಗರಿಬೇಳೆ ಬೇಯಲು ಇಡಿ. ಮುಕ್ಕಾಲು ಬೆಂದಾಗ ಬಿಡಿಸಿ ತೊಳೆದ ಎರಡು ಕಟ್ಟು ಸೊಪ್ಪು, ಒಂದು ಈರುಳ್ಳಿ, ಒಂದು ನಾಟಿ ಟೊಮೇಟೊ, ನಾಲ್ಕು ಹಸಿಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿ ಹಾಕಿ ಮೆತ್ತಗಾಗುವವರೆಗೆ ಬೇಯಿಸಿ. ಬೆಂದ ನೀರು, ಅಂದರೆ ಕಟ್ಟು, ಬೇರೆ ಪಾತ್ರೆಗೆ ಬಸಿದು, ಉಳಿದದ್ದನ್ನು ಚೂರು ಹುಣಸೆಹಣ್ಣು, ಉಪ್ಪು ಸೇರಿಸಿ ಚೆನ್ನಾಗಿ ಮಸೆಯಿರಿ. ಮಿಕ್ಸಿಗೆ ಹಾಕಿದರೆ ಅಂಟಂಟಾಗುತ್ತದೆ, ಕೈಯಲ್ಲೇ ಮಸೆಯಬೇಕು. ಮತ್ತೆ ಕಟ್ಟು ಬೆರೆಸಿ ಒಂದು ಕುದಿ, ಮೇಲೆ ಸಾಸಿವೆ-ಬೆಳ್ಳುಳ್ಳಿ ಒಗ್ಗರಣೆ. ಮುದ್ದೆ ತಿರುವಲು ಬಂದರೆ ಮುದ್ದೆ, ಇಲ್ಲವಾದರೆ ಬಿಸಿ ಅನ್ನ, ತುಪ್ಪ.

ಅವರೆ ಕಾಲದಲ್ಲಿ ಈ ಹೆಜ್ಜೆ ಸ್ವಲ್ಪ ಉದ್ದ. ಕಾಳು ಬಿಡಿಸಿ, ನೆನೆಹಾಕಿ, ಒಂದೊಂದೇ ಕಾಳು ಹಿದುಕಿ ಸಿಪ್ಪೆ ತೆಗೆಯಬೇಕು. ಒಬ್ಬರೇ ಮಾಡಿದರೆ ಶಿಕ್ಷೆ. ಇಬ್ಬರು ಎದುರುಬದುರು ಕೂತರೆ ವಾರದಲ್ಲಿ ಆಡಲಾಗದೆ ಉಳಿದ ಮಾತೆಲ್ಲ ಆಚೆ ಬರುತ್ತದೆ. ಫೋನ್ ಮುಟ್ಟಲು ಆಗುವುದಿಲ್ಲ, ಕೈಯೆಲ್ಲ ಅವರೆಯ ಅಂಟು. 'ರೀ, ನೀವು ಹಿದುಕಿದ್ದಕ್ಕಿಂತ ನೆಲಕ್ಕೆ ಹಾರಿಸಿದ್ದೇ ಜಾಸ್ತಿ' ಅಂತ ಒಂದು ಮಾತು ಬಂದೇ ಬರುತ್ತದೆ, ಕೇಳಿಸಿಕೊಳ್ಳಿ.

ಒಬ್ಬರು ಸಸ್ಯಾಹಾರಿ, ಇನ್ನೊಬ್ಬರಿಗೆ ಮಾಂಸ ಬೇಕು ಅನ್ನುವ ಮನೆಗಳು ಈಗ ಬೇಕಾದಷ್ಟಿವೆ. ಅಂಥವರು ಮಿಲಿಟರಿ ಹೋಟೆಲ್‌ನಿಂದ ದೊನ್ನೆ ಬಿರಿಯಾನಿ ಕಟ್ಟಿಸಿಕೊಂಡು ಬಂದು ಮನೆಯಲ್ಲಿ ಕೂತು ತಿನ್ನುವುದು ನೆಮ್ಮದಿ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ ಹಳೆಯ ಹೆಸರು. ತಡ ಮಾಡಿದರೆ ಪಾತ್ರೆ ಖಾಲಿ, ಅದೊಂದೇ ತೊಂದರೆ.

ಹೆಜ್ಜೆ 5: ವೈನರಿಗೆ ಪೂರ್ತಿ ಒಂದು ದಿನ ಕೊಡಿ

ಬೆಂಗಳೂರಿನ ಸುತ್ತ ದ್ರಾಕ್ಷಿ ಹೊಸದಲ್ಲ. ಬೀಜವಿರುವ, ಕಪ್ಪು-ನೀಲಿ ಬಣ್ಣದ, ಚೀಪಿದರೆ ಸಿಪ್ಪೆ ಜಾರಿ ಬರುವ ಬೆಂಗಳೂರು ಬ್ಲೂ ತಿನ್ನದವರು ಯಾರಿದ್ದಾರೆ? ಅದಕ್ಕೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಜ್ಯೂಸಿಗೆ, ಕ್ರಿಸ್‌ಮಸ್‌ಗೆ ಮನೆಯಲ್ಲಿ ಮಾಡುವ ಸಿಹಿ ವೈನಿಗೆ ಅದು ಹೇಳಿ ಮಾಡಿಸಿದ್ದು. ಆದರೆ ವೈನರಿಗಳಲ್ಲಿ ಕುಡಿಯುವುದು ಬೇರೆ ತಳಿ. 1988ರಲ್ಲಿ ಕನ್ವಲ್ ಗ್ರೋವರ್ ಶುರು ಮಾಡಿದ ಗ್ರೋವರ್ ವೈನ್‌ಯಾರ್ಡ್ಸ್ ನಂದಿ ಬೆಟ್ಟದ ತಪ್ಪಲಿನಲ್ಲಿ ಫ್ರಾನ್ಸಿನ ತಳಿಗಳನ್ನು ಬೆಳೆಸಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನೆಲ, ಹಗಲು ಬಿಸಿಲು, ರಾತ್ರಿ ತಂಪು. ರಾತ್ರಿಯ ಆ ತಂಪೇ ಹಣ್ಣಿನಲ್ಲಿ ಹುಳಿ ಉಳಿಸುವುದು. ಹುಳಿ ಇಲ್ಲದ ವೈನ್ ಸಪ್ಪೆ.

ಹೋಗಲು ಎರಡು ದಿಕ್ಕು. ಉತ್ತರಕ್ಕೆ ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಜಂಪಾ. 2012ರಲ್ಲಿ ಇನ್ನೊಂದು ಕಂಪನಿ ಜೊತೆ ಸೇರಿದ ಮೇಲೆ ಈ ಹೆಸರು. ದಕ್ಷಿಣಕ್ಕೆ ಚನ್ನಪಟ್ಟಣದ ಬಳಿ ಡೊಮೇನ್ ಸುಲಾ. ಮೊದಲು ಹೆರಿಟೇಜ್ ವೈನರಿ ಆಗಿದ್ದ ಜಾಗ. ಮೈಸೂರು ದಿಕ್ಕಿಗೆ ಹೋಗುವವರಿಗೆ ಒಂದು ಲಾಭವಿದೆ: ಬಿಡದಿ ತಟ್ಟೆ ಇಡ್ಲಿ. ಹೊಸ ಹೆದ್ದಾರಿಯ ಬೈಪಾಸ್ ಹಿಡಿದರೆ ಬಿಡದಿ ತಪ್ಪಿಹೋಗುತ್ತದೆ, ಹಳೆಯ ರಸ್ತೆಗೆ ಇಳಿಯಿರಿ. ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ ಹೊಟ್ಟೆಯಲ್ಲಿದ್ದರೆ ವೈನ್ ತಲೆಗೆ ಬೇಗ ಏರುವುದಿಲ್ಲ.

ದೊಡ್ಡಬಳ್ಳಾಪುರ ಕಡೆ ಹೋಗುವವರಿಗೆ ಘಾಟಿ ಸುಬ್ರಹ್ಮಣ್ಯವೂ ದಾರಿಯಲ್ಲೇ ಅನ್ನಿಸುತ್ತದೆ. ದೇವಸ್ಥಾನ ಮೊದಲು, ವೈನರಿ ಆಮೇಲೆ. ಅತ್ತೆಯವರು ಜೊತೆಗಿದ್ದರೆ ದೇವಸ್ಥಾನ ಮಾತ್ರ! ನಂದಿ ಬೆಟ್ಟದ ಸೂರ್ಯೋದಯವನ್ನೂ ಅದೇ ದಿನಕ್ಕೆ ಸೇರಿಸುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ನಾಲ್ಕಕ್ಕೆ ಎದ್ದವರು ಮಧ್ಯಾಹ್ನ ಎರಡು ಗುಟುಕಿಗೇ ತೂಕಡಿಸುತ್ತಾರೆ.

ಹೊರಡುವ ಮೊದಲು ಮಾಡಬೇಕಾದ್ದು ಇಷ್ಟು. ಫೋನ್ ಮಾಡಿ ಟೂರ್ ಬುಕ್ ಮಾಡಿ, ಸುಮ್ಮನೆ ಹೋದರೆ ಗೇಟಿನಲ್ಲೇ ವಾಪಸ್ ಆಗಬಹುದು. ಅಕ್ಟೋಬರ್ 2ರಂಥ ಮದ್ಯ ಮಾರಾಟ ನಿಷೇಧದ ದಿನ, ಚುನಾವಣೆಯ ದಿನ ಬಿಟ್ಟು ನೋಡಿಕೊಳ್ಳಿ. ವಯಸ್ಸು 21 ದಾಟಿರಬೇಕು, ಗುರುತಿನ ಚೀಟಿ ಜೇಬಿನಲ್ಲಿರಲಿ. ಗೊಂಚಲು ಬಳ್ಳಿಯಲ್ಲಿ ನೋಡಬೇಕೆಂದರೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಮಳೆಗಾಲದಲ್ಲಿ ಹಸಿರು ಇರುತ್ತದೆ, ಹಣ್ಣು ಇರುವುದಿಲ್ಲ. ನಮ್ಮ ಕಡೆ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲದ ಕಾರಣ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ, ಬೆಳೆ ತೆಗೆಯುವುದು ಒಂದೇ ಸಲ.

ಗಾಡಿಯ ವಿಷಯ ಜಗಳಕ್ಕೆ ಬಿಡಬೇಡಿ. ದಿನದ ಲೆಕ್ಕದಲ್ಲಿ ಡ್ರೈವರ್ ಇರುವ ಕ್ಯಾಬ್ ಮಾತಾಡಿಕೊಳ್ಳಿ. ಇಬ್ಬರಲ್ಲಿ ಒಬ್ಬರು ಕುಡಿಯದವರಾದರೆ ಇನ್ನೂ ಒಳ್ಳೆಯದು, ಅವರಿಗೆ ಸ್ಟೀರಿಂಗ್. 'ಟೇಸ್ಟಿಂಗ್ ತಾನೇ, ಏನಾಗುತ್ತೆ' ಅನ್ನುವ ಮಾತು ಕೇಳಬೇಡಿ. ಐದಾರು ಬಗೆ ಒಂದೊಂದು ಗುಟುಕು ಅಂದರೂ ಸೇರಿ ಒಂದು ಲೋಟ ದಾಟುತ್ತದೆ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಸಿಕ್ಕರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಬೈಕಿನಲ್ಲಿ ಹೋಗುವ ಯೋಚನೆಯನ್ನೇ ಬಿಡಿ. ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕಿಗೆ ಪ್ರವೇಶವೇ ಇಲ್ಲ.

ಹೆಜ್ಜೆ 6: ರುಚಿ ನೋಡುವಾಗ

ಅಂದು ಮಲ್ಲಿಗೆ ಮುಡಿಯಬೇಡಿ. ನಿಜವಾಗಿ ಹೇಳುತ್ತಿದ್ದೇನೆ. ಒಂದು ಮೊಳ ಮಲ್ಲಿಗೆ ಮೂಗಿನ ಪಕ್ಕದಲ್ಲಿದ್ದರೆ ಲೋಟದಲ್ಲಿ ಏನಿದ್ದರೂ ಮಲ್ಲಿಗೆಯೇ. ಸೆಂಟ್ ಕೂಡ ಬೇಡ, ಪಕ್ಕದವರಿಗೂ ತೊಂದರೆ. ಫಿಲ್ಟರ್ ಕಾಫಿ, ಎಲೆ ಅಡಿಕೆ ಹಾಕಿಕೊಂಡ ಬಾಯಿಗೂ ವೈನ್ ಹತ್ತುವುದಿಲ್ಲ. ಕಾಫಿ ಆಗಿ ಒಂದು ಗಂಟೆ ಕಳೆದಿರಲಿ.

ಬಿಳಿ ಮೊದಲು, ಆಮೇಲೆ ರೋಸೆ ಅಂದರೆ ನಸುಗೆಂಪು, ಆಮೇಲೆ ಕೆಂಪು, ಸಿಹಿ ಕೊನೆಗೆ. ಲೋಟದ ಕಾಲು ಹಿಡಿಯಿರಿ, ಹೊಟ್ಟೆ ಹಿಡಿದರೆ ಕೈಯ ಬಿಸಿಗೆ ವೈನ್ ಬೆಚ್ಚಗಾಗುತ್ತದೆ. ಒಮ್ಮೆ ಹಾಗೇ ಮೂಸಿ, ಲೋಟ ಸುತ್ತಿಸಿ ಇನ್ನೊಮ್ಮೆ ಮೂಸಿ, ಗುಟುಕು ಬಾಯಲ್ಲಿ ಸ್ವಲ್ಪ ಹೊತ್ತು ಇರಲಿ. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಉಗುಳಿದರೆ ಅವಮಾನ ಅಲ್ಲ. ಇದರಲ್ಲಿ ಮೆಣಸು ಇದೆ, ಹೊಗೆ ಇದೆ ಅಂತ ಗೈಡ್ ಹೇಳಿದ್ದು ನಿಮಗೆ ಸಿಗದಿದ್ದರೆ ಬಿಡಿ. ನಿಮಗೆ ಸೀಬೆಹಣ್ಣು ಅನ್ನಿಸಿತಾ? ಅದನ್ನೇ ಹೇಳಿ. ಇಬ್ಬರಿಗೂ ಬೇರೆ ಬೇರೆ ಅನ್ನಿಸಿದರೆ ಮಜಾ ಇನ್ನೂ ಜಾಸ್ತಿ.

ಒಂದು ಪ್ರಶ್ನೆ ಕೇಳಿ: ಇದು ಸ್ಟೀಲ್ ಟ್ಯಾಂಕಿನಲ್ಲಿ ಇಟ್ಟದ್ದೋ, ಓಕ್ ಮರದ ಪೀಪಾಯಿಯಲ್ಲೋ? ಟ್ಯಾಂಕಿನದು ಹಣ್ಣಿನ ರುಚಿಯಲ್ಲೇ ಉಳಿಯುತ್ತದೆ, ಪೀಪಾಯಿಯದಕ್ಕೆ ಮರದ ಘಾಟು, ಒಗರು ಸೇರುತ್ತದೆ. ನಿಮ್ಮಿಬ್ಬರಿಗೆ ಯಾವುದು ಹಿಡಿಸಿತು ಅಂತ ತಿಳಿದರೆ ಮುಂದೆ ಅಂಗಡಿಯಲ್ಲಿ ಆರಿಸುವುದು ಸುಲಭ. ಹಂಪಿ ಕಡೆಯ ಕೃಷ್ಮಾ, ದೊಡ್ಡಾಲದ ಮರದ ಹೆಸರು ಹೊತ್ತ ಬಿಗ್ ಬನ್ಯಾನ್, ಹೀಗೆ ನಮ್ಮ ರಾಜ್ಯದವೇ ಇನ್ನೂ ಇವೆ.

ಹೆಜ್ಜೆ 7: ತಂದ ಬಾಟಲಿ, ನಮ್ಮ ಊಟ

ನಮ್ಮ ಊಟಕ್ಕೆ ವೈನ್ ಹೊಂದುವುದಿಲ್ಲ ಅನ್ನುವವರು ಸಾಮಾನ್ಯವಾಗಿ ಖಾರದ ಸಾರಿನ ಜೊತೆ ಒಗರಾದ ಕೆಂಪು ವೈನ್ ಕುಡಿದಿರುತ್ತಾರೆ. ಆಲ್ಕೋಹಾಲ್ ಖಾರವನ್ನು ಎಬ್ಬಿಸುತ್ತದೆ, ಒಗರು ಅದರ ಮೇಲೆ ಉರಿ ಹಚ್ಚುತ್ತದೆ. ಖಾರಕ್ಕೆ ಬೇಕಾದ್ದು ತಣ್ಣಗಿನ, ಚೂರು ಸಿಹಿ ಇರುವ ಬಿಳಿ, ಉದಾಹರಣೆಗೆ ಶೆನಿನ್ ಬ್ಲಾಂಕ್. ನಿಂಬೆಹುಳಿ, ಕೊತ್ತಂಬರಿ ಇರುವ ಹೆಸರುಬೇಳೆ ಕೋಸಂಬರಿಗೆ ಸೊವಿನ್ಯೋ ಬ್ಲಾಂಕ್ ಎನ್ನುವ ಬಿಳಿ ಬಹಳ ಚೆನ್ನ. ನಿಪ್ಪಟ್ಟು, ಹುರಿದ ಕಡಲೆಕಾಯಿಗೆ ರೋಸೆ. ಶಿರಾಜ್‌ನಂಥ ಕೆಂಪು ಬೇಕೇ ಬೇಕು ಅನ್ನುವವರು ಮಟನ್ ಚಾಪ್ಸ್ ಜೊತೆ ಕುಡಿಯಿರಿ, ಕೊಬ್ಬಿನ ಮುಂದೆ ಆ ಒಗರು ಮೆತ್ತಗಾಗುತ್ತದೆ. ಬಿಸಿಬೇಳೆಬಾತಿಗೆ? ನನ್ನ ಮಟ್ಟಿಗೆ ಮಜ್ಜಿಗೆ. ಎಲ್ಲದಕ್ಕೂ ಜೋಡಿ ಹುಡುಕಲೇಬೇಕು ಅಂತೇನಿಲ್ಲ.

ಬಿಳಿ ವೈನ್ 8ರಿಂದ 12 ಡಿಗ್ರಿ, ಕೆಂಪು 16ರಿಂದ 18. ಕೆಂಪು ವೈನ್ ಫ್ರಿಜ್‌ನಲ್ಲಿ ಇಡಬಾರದು ಎನ್ನುವ ಮಾತು ಏಪ್ರಿಲ್ ತಿಂಗಳ ಬೆಂಗಳೂರಿಗೆ ನಡೆಯುವುದಿಲ್ಲ, ಕುಡಿಯುವ ಮೊದಲು ಇಪ್ಪತ್ತು ನಿಮಿಷ ಇಟ್ಟು ತೆಗೆಯಿರಿ. ಅಡುಗೆಮನೆಯ ಕಪಾಟಿನಲ್ಲಿ, ಒಲೆ ಹತ್ತಿರ ಬಾಟಲಿ ಕೂಡಿಡಬೇಡಿ.

ಹೊರಗೆ ಹೋಟೆಲಿನಲ್ಲಿ ಕುಡಿಯುವುದಾದರೆ ಲೋಟದ ಲೆಕ್ಕದಲ್ಲಿ ಸಿಗುತ್ತದಾ ಅಂತ ಮೊದಲು ಕೇಳಿ, ಇಬ್ಬರಿಗೆ ಒಂದು ಬಾಟಲಿ ಜಾಸ್ತಿಯೇ. ಬಿಲ್ ಬಂದಾಗ ಸರ್ವಿಸ್ ಚಾರ್ಜ್ ಸಾಲು ನೋಡಿ. ಅದು ಕಡ್ಡಾಯವಲ್ಲ, ಬೇಡ ಅಂದರೆ ತೆಗೆಯಬೇಕು. ಬಡಿಸಿದವರು ಚೆನ್ನಾಗಿ ನೋಡಿಕೊಂಡಿದ್ದರೆ ಅವರ ಕೈಗೇ ಕೊಡಿ.

ಮನೆಯಲ್ಲಿ ತೆರೆದ ಬಾಟಲಿ ಉಳಿದರೆ ಬಿರಡೆ ಬಿಗಿಯಾಗಿ ಹಾಕಿ ಫ್ರಿಜ್‌ನಲ್ಲಿ ನಿಲ್ಲಿಸಿಡಿ. ಮೂರು ನಾಲ್ಕು ದಿನ ತಡೆಯುತ್ತದೆ, ಅಂದರೆ ಬುಧವಾರದೊಳಗೆ ಮುಗಿಸಿ. ಸೊಪ್ಪು ಅಷ್ಟೂ ಕಾಯುವುದಿಲ್ಲ. ತೊಳೆಯದೆ, ಕಾಗದದಲ್ಲಿ ಸುತ್ತಿಟ್ಟರೂ ಮಂಗಳವಾರದ ಸಾರಿಗೆ ಅದು ಸರಿ.